ಗುಂಡಿ ಉದುರಿದ ಜಾಗವನ್ನು ಮೊದಲು ನೋಡಿ

ಹೊಲಿಗೆ ವಿಭಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದುಡಿಮೆಯ ಬಟ್ಟೆಗೆ ಸಂಬಂಧಿಸಿದವು: ಕಾರ್ಖಾನೆಯ ಶರ್ಟು, ಬಾಯ್ಲರ್ ಸೂಟು (ಮೈಯೆಲ್ಲ ಮುಚ್ಚುವ ಒಂದೇ ಉಡುಪು), ತೋಟದ ಕೋಟು. ಸೊಲ್ಲಾಪುರದಿಂದ ಬದಿಯಡ್ಕದವರೆಗೆ ದೂರು ಒಂದೇ, ಗುಂಡಿ ನಿಲ್ಲುವುದಿಲ್ಲ. ಕಾರಣ ಮಾತ್ರ ಊರಿಗೊಂದು. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಹನ್ನೆರಡು ಮಷಿನ್ನಿನ ಸಣ್ಣ ಕಾರ್ಖಾನೆ. ಇಷ್ಟು ದಿನ ಶಾಲೆಯ ಯೂನಿಫಾರ್ಮ್ ಹೊಲೀತಿದ್ದೆವು. ಈಗ ಒಂದು ಕಂಪನಿಯ ಕೆಲಸಗಾರರ ಶರ್ಟಿನ ಆರ್ಡರ್ ಬಂದದೆ. ಬಟ್ಟೆ 240 ಜಿಎಸ್‌ಎಂ (ಚದರ ಮೀಟರಿಗೆ 240 ಗ್ರಾಂ) ತೂಕದ ಡ್ರಿಲ್ ಎಂಬ ದಪ್ಪ ಬಟ್ಟೆ, 65 ಪಾಲಿಯೆಸ್ಟರ್, 35 ಹತ್ತಿ. ಗುಂಡಿ ಉದುರತಾವ ಅಂತ ದೂರು ಬಂದ ಮೇಲೆ ದಪ್ಪ ನೂಲು ಹಾಕಿದೆವು, ಗುಂಡಿಗೆ 16 ಹೊಲಿಗೆ ಇದ್ದದ್ದನ್ನು 32 ಮಾಡಿದೆವು. ಈಗ ಗುಂಡಿಯ ಸಂಗಡ ಬಟ್ಟೆಯೂ ಕಿತ್ತು ಬರಾಕತ್ತದೆ. ಏನು ಮಾಡಬೇಕು? (ಸೊಲ್ಲಾಪುರ)

ಉತ್ತರ: ವಾಪಸು ಬಂದ ಶರ್ಟುಗಳನ್ನು ರಿಪೇರಿಗೆ ಕೊಡುವ ಮೊದಲು ಮೇಜಿನ ಮೇಲೆ ಹರಡಿ, ಗುಂಡಿ ಹೋದ ಜಾಗವನ್ನು ಒಂದೊಂದಾಗಿ ನೋಡಿ. ಬಟ್ಟೆ ಸರಿಯಿದ್ದು ನೂಲಿನ ತುಂಡು ಅಲ್ಲೇ ಉಳಿದಿದ್ದರೆ ನೂಲು ಸವೆದು ತುಂಡಾಗಿದೆ. ಬಟ್ಟೆ ಸರಿಯಿದ್ದು ನೂಲೇ ಇಲ್ಲದಿದ್ದರೆ ಹೊಲಿಗೆ ಬಿಚ್ಚಿಕೊಂಡಿದೆ. ನೂಲಿನ ಕುಣಿಕೆ ಹಾಗೇ ನಿಂತಿದ್ದರೆ ಗುಂಡಿಯೇ ಒಡೆದಿದೆ. ತೂತು ಬಿದ್ದಿದ್ದರೆ ಗುಂಡಿಯನ್ನು ಹೊರಬೇಕಾದ ಬಟ್ಟೆ ಸೋತಿದೆ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ನಿಮ್ಮ ಮೊದಲ ದೂರು ಬಹುಶಃ ಮೊದಲೆರಡರಲ್ಲಿ ಒಂದು. ನೂಲು ದಪ್ಪ ಮಾಡಿ, ಹೊಲಿಗೆ ಹೆಚ್ಚಿಸಿ ನೀವು ಅದನ್ನು ನಾಲ್ಕನೆಯದಕ್ಕೆ ತಂದಿದ್ದೀರಿ.

ಬೆರಳ ಉಗುರಿನಷ್ಟೂ ಇಲ್ಲದ ಜಾಗದಲ್ಲಿ ಸೂಜಿ 32 ಸಲ ಇಳಿದರೆ ಬಟ್ಟೆಯ ಎಳೆಗಳು ಕತ್ತರಿಸಿ, ಅಂಚೆಚೀಟಿಯ ಅಂಚಿನಂತೆ ತೂತಿನ ಸಾಲು ಆಗುತ್ತದೆ. ಸೂಜಿಯ ತುದಿ ಸ್ವಲ್ಪ ಮೊಂಡಾಗಿದ್ದರೆ ಇನ್ನೂ ಕೆಡುಕು. ಅದು ಎಳೆಗಳ ನಡುವೆ ಜಾಗ ಮಾಡಿಕೊಂಡು ಹೋಗುವುದಿಲ್ಲ, ಎಳೆಯನ್ನೇ ಹರಿದುಕೊಂಡು ಹೋಗುತ್ತದೆ. ನಾಲ್ಕು ತೂತಿನ 24 ಲೈನ್ ಗುಂಡಿಗೆ (40 ಲೈನ್ ಎಂದರೆ ಒಂದು ಇಂಚು, ಹಾಗಾಗಿ ಇದು ಸುಮಾರು 15 ಮಿ.ಮೀ.) ಒಂದು ಜೋಡಿ ತೂತಿಗೆ 8ರಂತೆ 16 ಹೊಲಿಗೆ ಸಾಕು. ಹೊಟ್ಟೆ, ಸೊಂಟದ ಹತ್ತಿರದ ಗುಂಡಿಗೆ ಬೇಕಿದ್ದರೆ 24ರವರೆಗೆ ಹೋಗಿ. ನೂಲು 75ರ ಟಿಕೆಟ್ಟಿನ ಕೋರ್‌ಸ್ಪನ್ (ನಡುವಿನ ಗಟ್ಟಿ ಎಳೆಗೆ ಸುತ್ತಲೂ ನಾರು ಹೊಸೆದ) ಪಾಲಿಯೆಸ್ಟರ್. ಟಿಕೆಟ್ ಸಂಖ್ಯೆ ಇಳಿದಷ್ಟೂ ನೂಲು ದಪ್ಪ, ಶಾಲಾ ಶರ್ಟಿಗೆ ಹಾಕುವ 120ರದ್ದು ಇಲ್ಲಿ ತೆಳುವಾಯಿತು. ಸೂಜಿ 14 ಅಥವಾ 16ರದ್ದು ಇರಲಿ, ಪ್ರತಿ ಪಾಳಿಗೆ ಹೊಸದು ಹಾಕಿ. ಒಂದು ಸೂಜಿಯ ಬೆಲೆ ವಾಪಸು ಬಂದ ಒಂದು ಶರ್ಟಿನ ಎದುರು ಲೆಕ್ಕಕ್ಕೇ ಇಲ್ಲ.

ಈಗ ಬಟ್ಟೆಯ ಬಲದ ವಿಷಯ. ಗುಂಡಿಯನ್ನು ಯಾವತ್ತೂ ಒಂದೇ ಪದರದ ಮೇಲೆ ಕೂರಿಸಬೇಡಿ. ಎರಡು ಸಲ ಮಡಚಿದ ಪಟ್ಟಿ ಸಿಕ್ಕರೆ ಮೂರು ಪದರ ಬರುತ್ತದೆ, ಅದು ಕನಿಷ್ಠ. ಅದರೊಳಗೆ ಕ್ಯಾನ್ವಾಸು, ಅಂದರೆ ಬಲಕ್ಕೆ ಇಡುವ ಒಳಬಟ್ಟೆ, ಬೇಕು. ನೀವು ಈಗ ಹಾಕುತ್ತಿರುವುದು ಕಾಗದದಂಥ ತೆಳು ಪೇಸ್ಟಿಂಗ್ ಆಗಿದ್ದರೆ ತೂತಿನ ಕಾರಣ ಅಲ್ಲೇ ಇದೆ. ಅದರಲ್ಲಿ ಹಾಸು ಹೊಕ್ಕು ಎಳೆಗಳಿಲ್ಲ, ನಾರನ್ನು ಒತ್ತಿ ಅಂಟಿಸಿದ ಹಾಳೆ ಅದು. ಪಟ್ಟಿಗೆ ಗಡಸು ಕೊಡುತ್ತದೆ, ಎಳೆತ ತಾಳುವುದಿಲ್ಲ. ಶರ್ಟಿನ ಕಾಲರಿಗೆ ಹಾಕುವ ನೇಯ್ದ ಕ್ಯಾನ್ವಾಸನ್ನು ಪಟ್ಟಿಯ ಅಗಲಕ್ಕೆ, ಅದರ ಹಾಸಿನ ಎಳೆ ಪಟ್ಟಿಯ ಉದ್ದಕ್ಕೆ ಬರುವಂತೆ ಕತ್ತರಿಸಿ. ಅಂಟಿಸುವಾಗ ಕ್ಯಾನ್ವಾಸ್ ಮಾಡಿದವರು ಹೇಳಿದ ಬಿಸಿ, ಹೊತ್ತು, ಒತ್ತಡ ಮೂರನ್ನೂ ಪಾಲಿಸಿ. ಇಸ್ತ್ರಿಪೆಟ್ಟಿಗೆಯನ್ನು ಮೇಲೆ ಓಡಿಸಿ ಅಂಟಿಸಿದ್ದು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ, ನಾಲ್ಕು ಬಿಸಿನೀರಿನ ಒಗೆತಕ್ಕೆ ಗುಳ್ಳೆ ಎದ್ದು ಬಿಡುತ್ತದೆ. ಬಿಟ್ಟ ಕ್ಯಾನ್ವಾಸು ಒಳಗೆ ಸುಮ್ಮನೆ ಇರುವುದಷ್ಟೇ, ಭಾರ ಹೊರುವುದಿಲ್ಲ. ಪ್ರತಿ ತಾನಿನಿಂದ (ಸುರುಳಿಯಿಂದ) ಒಂದು ತುಂಡು ಅಂಟಿಸಿ, ಪೂರ್ತಿ ಆರಿದ ಮೇಲೆ ಕಿತ್ತು ನೋಡಿ. ಸುಲಭವಾಗಿ ಬಂದರೆ ಆ ತಾನು ಹೊಲಿಗೆಗೆ ಹೋಗಬಾರದು.

ಕ್ಯಾನ್ವಾಸಿನ ಬದಲು, ನಮಗೆ ಇನ್ನೂ ಹಿಡಿಸುವ ದಾರಿ, ಪಟ್ಟಿಯ ಮಡಿಕೆಯೊಳಗೆ ಮೇಲಿನಿಂದ ಕೆಳಗಿನವರೆಗೆ 20 ಮಿ.ಮೀ. ಅಗಲದ ಟ್ವಿಲ್ ಟೇಪು (ಓರೆ ನೇಯ್ಗೆಯ ಗಟ್ಟಿ ಪಟ್ಟಿ) ಹಾಯಿಸುವುದು. ಪಟ್ಟಿಯ ಹೊಲಿಗೆಯಲ್ಲೇ ಟೇಪಿನ ಎರಡೂ ಅಂಚು ಸೇರಿಕೊಳ್ಳಲಿ. ಒಂದು ಗುಂಡಿಯ ಎಳೆತ ಇಡೀ ಟೇಪಿಗೆ ಹಂಚಿಹೋಗುತ್ತದೆ. ಪ್ರತಿ ಗುಂಡಿಗೊಂದು ಚೌಕದ ತೇಪೆ ಇಡುವವರಿದ್ದಾರೆ. ಅದು ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ತೇಪೆಯ ಅಂಚಿನಲ್ಲೇ ಬಟ್ಟೆ ಹರಿಯುವುದುಂಟು. ಹತ್ತಿಯ ಟೇಪಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಬಳಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಪಟ್ಟಿಯೆಲ್ಲ ನೆರಿಗೆ ಬೀಳುತ್ತದೆ.

ಲಾಟನ್ನು ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಆಟಿಕೆಗಳ ಯುರೋಪಿನ ಮಾನದಂಡ ಇಎನ್ 71, 6 ಮಿ.ಮೀ.ಗಿಂತ ದೊಡ್ಡ ಬಿಡಿಭಾಗ 90 ನ್ಯೂಟನ್ ಎಳೆತ ತಾಳಬೇಕು ಎನ್ನುತ್ತದೆ. ಅಂದರೆ ಸುಮಾರು 9.2 ಕೆ.ಜಿ. ತೂಕ. ಮಕ್ಕಳ ಆಟಿಕೆಗೆ ಬೇಕಾದ ಬಲ ದುಡಿಯುವವನ ಶರ್ಟಿಗೂ ಇರಲಿ. ಎರಡು ಪ್ಲೈವುಡ್ ತುಂಡಿನಲ್ಲಿ 4 ಸೆಂ.ಮೀ. ತೂತು ಕೊರೆದು, ನಡುವೆ ಪಟ್ಟಿಯನ್ನು ಬಿಗಿದು, ಗುಂಡಿ ಕೆಳಮುಖವಾಗಿ ಬರುವಂತೆ ಎರಡು ಮೇಜಿನ ನಡುವೆ ಇಡಿ. ಗುಂಡಿಯ ಕೊರಳಿಗೆ, ಅಂದರೆ ಗುಂಡಿಗೂ ಬಟ್ಟೆಗೂ ನಡುವಿನ ನೂಲಿಗೆ, ಗಟ್ಟಿ ದಾರದ ಕುಣಿಕೆ ಹಾಕಿ ಬಕೆಟ್ಟು ತೂಗುಬಿಡಿ. ಬಕೆಟ್ಟು, ನೀರು ಸೇರಿ 9.2 ಕೆ.ಜಿ. ಆಗುವಂತೆ ಮೊದಲೇ ತೂಗಿಟ್ಟಿರಿ. ಹತ್ತು ಸೆಕೆಂಡು ನಿಲ್ಲಬೇಕು. ಹೊಸದನ್ನು ಒಮ್ಮೆ, ಐದು ಸಲ ಬಿಸಿನೀರಿನಲ್ಲಿ ಒಗೆದದ್ದನ್ನು ಇನ್ನೊಮ್ಮೆ ನೋಡಿ. ಸೋತರೆ ಯಾವುದು ಸೋತಿತು, ನೂಲೋ ಬಟ್ಟೆಯೋ ಗುಂಡಿಯೋ, ಬರೆದಿಡಿ.

ಪ್ರಶ್ನೆ: ಗುಂಡಿ ಹೊಲಿಯುವ ಮಷಿನ್ ತಂದಿದ್ದೇವೆ. ಗುಂಡಿಯ ಹಿಂದೆ ಉಳಿದ ನೂಲಿನ ತುದಿ ಹಿಡಿದು ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿ ಗುಂಡಿ ಕೈಗೆ ಬರುತ್ತದೆ. ಮಷಿನ್ ಕೆಟ್ಟಿದೆಯೇ? (ಹೊಸೂರು)

ಉತ್ತರ: ಮಷಿನ್ ಕೆಟ್ಟಿಲ್ಲ, ಅದರ ಗುಣವೇ ಅದು. ಜೂಕಿ ಕಂಪನಿಯ ಎಂಬಿ-373 ಮತ್ತು ಅದೇ ಮಾದರಿಯ ಮಷಿನ್‌ಗಳಲ್ಲಿ ಬಾಬಿನ್ (ಕೆಳಗಿನ ನೂಲಿನ ಉರುಳೆ) ಇಲ್ಲ. ಒಂದೇ ನೂಲು ಕೆಳಗೆ ತನ್ನ ಕುಣಿಕೆಗೆ ತಾನೇ ಸಿಕ್ಕಿಕೊಳ್ಳುತ್ತಾ ಹೋಗುವ ಚೈನ್ ಹೊಲಿಗೆ ಅದು. ಅಕ್ಕಿಮೂಟೆಯ ಬಾಯಿ ಬಿಚ್ಚುವಾಗ ಸರಿಯಾದ ತುದಿ ಸಿಕ್ಕರೆ ಸರಸರನೆ ಬರುವುದಿಲ್ಲವೇ, ಅದೇ ತರಹ. ವೇಗವಾಗಿ ಹೊಲಿಯುತ್ತದೆ, ಬಾಬಿನ್ ತುಂಬುವ ಕೆಲಸವಿಲ್ಲ, ಅಗ್ಗ. ಆದರೆ ಕಡೆಯ ಕುಣಿಕೆ ಬಿಗಿಯದಿದ್ದರೆ ಮಷಿನ್ ಒಗೆತದಲ್ಲಿ ತುದಿ ಎಲ್ಲಿಗಾದರೂ ಸಿಕ್ಕಿ ಹೊಲಿಗೆ ಪೂರ್ತಿ ಹೋಗುತ್ತದೆ.

ದುಡಿಮೆಯ ಬಟ್ಟೆಗೆ ಬಾಬಿನ್ ಇರುವ, ಲಾಕ್ ಹೊಲಿಗೆಯ (ಮೇಲಿನ, ಕೆಳಗಿನ ನೂಲು ಒಂದಕ್ಕೊಂದು ಸಿಕ್ಕಿಕೊಳ್ಳುವ) ಗುಂಡಿ ಮಷಿನ್ನೇ ಸರಿ. ಜೂಕಿ ಎಲ್‌ಕೆ-1903 ಆ ಬಗೆಯದು. ಅದರಲ್ಲಿ ಒಂದು ಎಳೆ ತುಂಡಾದರೂ ಉಳಿದದ್ದು ಕೆಲಕಾಲ ಹಿಡಿದುಕೊಂಡಿರುತ್ತದೆ. ಸದ್ಯ ಅಷ್ಟು ಬಂಡವಾಳ ಇಲ್ಲದಿದ್ದರೆ ಈಗಿನ ಮಷಿನ್ನಿನಲ್ಲಿ ನೂಲು ಕತ್ತರಿಸುವ ಹೊತ್ತು, ಟೆನ್ಶನ್ (ನೂಲಿನ ಬಿಗಿ) ಎರಡನ್ನೂ ಮೆಕ್ಯಾನಿಕ್ಕಿನಿಂದ ಸರಿ ಮಾಡಿಸಿ ಕೊನೆಯ ಹೊಲಿಗೆ ಬಿಗಿಯಾಗುವಂತೆ ಮಾಡಿ. ಗಂಟು ಹಾಕುವ ಮಾದರಿಗಳೂ ಇವೆ. ಹಿಂಭಾಗದ ತುದಿಯನ್ನು ತೀರಾ ಗಿಡ್ಡ ಕತ್ತರಿಸಬೇಡಿ, 3 ಮಿ.ಮೀ.ಯಾದರೂ ಉಳಿಯಲಿ. ಪ್ರತಿ ಗಂಟೆಗೆ ಐದು ಗುಂಡಿಯ ತುದಿ ಎಳೆದು ನೋಡುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ.

ಹೊಸೂರಿನಿಂದಲೇ ಇನ್ನೊಬ್ಬರು ಕೇಳಿದ್ದಾರೆ: ಯಾವಾಗಲೂ ಮೇಲಿನಿಂದ ಮೂರನೆಯ, ನಾಲ್ಕನೆಯ ಗುಂಡಿಯೇ ಏಕೆ ಹೋಗುತ್ತದೆ? ಬಗ್ಗಿ ಕೂತಾಗ ಎಳೆತ ಬೀಳುವುದು ಅಲ್ಲೇ. ಆದರೆ ಗುಂಡಿಯನ್ನು ಬೈಯುವ ಮೊದಲು ಕಾಜಾ ಅಳೆಯಿರಿ. ಕಾಜಾದ ಸೀಳು ಗುಂಡಿಯ ಅಗಲ ಮತ್ತು ದಪ್ಪ ಎರಡೂ ಕೂಡಿದಷ್ಟು ಇರಬೇಕು. 15 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಗುಂಡಿಗೆ 18 ಮಿ.ಮೀ. ಬಿಗಿ ಕಾಜಾದಿಂದ ದಿನಕ್ಕೆ ನಾಲ್ಕು ಸಲ ಗುಂಡಿಯನ್ನು ಓರೆಯಾಗಿ ಎಳೆದು ಬಿಚ್ಚಿದರೆ ಎಂಥ ನೂಲೂ ಸವೆಯುತ್ತದೆ. ಒಗೆದ ಮೇಲೆ ಕಾಜಾ ಕುಗ್ಗುವುದರಿಂದ ಒಗೆದ ಬಟ್ಟೆಯಲ್ಲೇ ಅಳೆಯಿರಿ. ಗುಂಡಿಗಳ ನಡುವೆ 8ರಿಂದ 9 ಸೆಂ.ಮೀ. ಅಂತರ ಇರಲಿ. ಒಂದು ಗುಂಡಿಯ ಖರ್ಚು ಉಳಿಸಲು ಅಂತರವನ್ನು 11ಕ್ಕೆ ಏರಿಸಿದರೆ ಆ ಗುಂಡಿಯ ಪಾಲಿನ ಎಳೆತವೂ ಉಳಿದವುಗಳ ಮೇಲೆ ಬೀಳುತ್ತದೆ.

ಪ್ರಶ್ನೆ: ಅಡಿಕೆಗೆ ಮದ್ದು ಬಿಡುವವರಿಗಾಗಿ ನಮ್ಮ ಟೈಲರಿನವರಲ್ಲಿ ಹತ್ತು ಕೋಟು ಹೊಲಿಸಿದೆವು. ಬೇಗ ತೆಗೆಯಲು ಆಗಲಿ ಎಂದು ಟಿಚ್ ಬಟನ್ ಹಾಕಿಸಿದ್ದು. ಒಂದೇ ಮಳೆಗಾಲಕ್ಕೆ ಬಟನ್ ಹಸಿರು ಹಿಡಿದು, ಸುತ್ತಲಿನ ಬಟ್ಟೆಗೆ ತುಕ್ಕಿನ ಕಲೆ ಬಿದ್ದು, ಕೆಲವು ಬಟ್ಟೆ ಸಮೇತ ಹೊರಗೆ ಬಂದಿವೆ. (ಬದಿಯಡ್ಕ)

ಉತ್ತರ: ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ (ಮೈಲುತುತ್ತು ಎಂಬ ತಾಮ್ರದ ಲವಣ ಮತ್ತು ಸುಣ್ಣದ ಮಿಶ್ರಣ) ಹದವಾಗಿದೆಯೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುವ ಕ್ರಮ ನಿಮಗೆ ಗೊತ್ತೇ ಇದೆ. ಕತ್ತಿಯ ಮೇಲೆ ಕೆಂಪು ಲೇಪ ಬಂದರೆ ಮೈಲುತುತ್ತು ಹೆಚ್ಚಾಯಿತು, ಸುಣ್ಣ ಸಾಲದು. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುವುದೇ ಆ ಕೆಂಪು. ನಿಮ್ಮ ಬಟನ್ನಿಗೆ ಆದದ್ದೂ ಅದೇ. ಮಾರುಕಟ್ಟೆಯ ಅಗ್ಗದ ಟಿಚ್ ಬಟನ್ ಕಬ್ಬಿಣದ ತಗಡಿಗೆ ಬೇರೆ ಲೋಹದ ತೆಳು ಲೇಪ ಕೊಟ್ಟದ್ದು. ಒಂದು ಗೀರು ಬಿದ್ದರೆ ಸಾಕು, ಒಳಗಿನ ಕಬ್ಬಿಣ ಹೋಗುತ್ತದೆ. ಸುಣ್ಣ ಹೆಚ್ಚಾದರೂ ತಾಪತ್ರಯ ತಪ್ಪಿದ್ದಲ್ಲ, ಅಲ್ಯೂಮಿನಿಯಮ್ಮೂ ಸತುವೂ ಸುಣ್ಣದ ನೀರಿಗೆ ಸವೆಯುತ್ತವೆ. ಹಾಗಾಗಿ ಮದ್ದಿನ ಕೋಟಿಗೆ ಕಬ್ಬಿಣ, ಸತು, ಅಲ್ಯೂಮಿನಿಯಂ ಮೂರೂ ಬೇಡ. ಪ್ಲಾಸ್ಟಿಕ್ ಟಿಚ್ ಬಟನ್ ಹಾಕಿಸಿ, ಅಥವಾ ನಾಲ್ಕು ತೂತಿನ ದೊಡ್ಡ ಪಾಲಿಯೆಸ್ಟರ್ ಗುಂಡಿ. ಕೈಗವಸು ಹಾಕಿಕೊಂಡು ಬಿಚ್ಚುವುದರಿಂದ 28 ಲೈನಿನ ಗುಂಡಿ ಅನುಕೂಲ. ನೂಲು ಪಾಲಿಯೆಸ್ಟರೇ ಇರಲಿ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಯಲ್ಲಿ ಒಣಗದೆ ಮೂಲೆಯಲ್ಲಿ ಬಿದ್ದ ಕೋಟಿನ ಹತ್ತಿ ನೂಲು ಬೂಸಲು ಬಂದು ಕುಂಬಾಗುತ್ತದೆ.

ಬಟ್ಟೆ ಸಮೇತ ಹೊರಬಂದದ್ದಕ್ಕೆ ಇನ್ನೂ ಒಂದು ಕಾರಣವಿದೆ. ಟಿಚ್ ಬಟನ್ನಿಗೆ ನಾಲ್ಕು ಭಾಗ: ಟೋಪಿ, ಹೆಣ್ಣು, ಗಂಡು, ಕೆಳಗಿನ ಕಾಲು. ಹಲ್ಲಿನ ಉಂಗುರದ ಬಗೆ ತೆಳು ಬಟ್ಟೆಗೆ ಆಗುವುದು. ಕೋಟಿಗೆ ನಡುವೆ ಕಾಲು ತೂರಿಸಿ ಒತ್ತುವ ಬಗೆ ಬೇಕು. ಟೈಲರ್ ಮೊದಲೇ ದೊಡ್ಡ ತೂತು ಕೊರೆದಿದ್ದರೆ ಬಟ್ಟೆಗೆ ಹಿಡಿತವೇ ಇರುವುದಿಲ್ಲ. ತೂತು ಕಾಲಿಗಿಂತ ಚಿಕ್ಕದಿರಬೇಕು, ಕಾಲು ಒತ್ತಿಕೊಂಡು ಒಳಗೆ ಹೋಗಬೇಕು. ಹಿಂದೆ ಅದೇ ಬಟ್ಟೆಯ ಎರಡು ಪದರದ ಪಟ್ಟಿ ಉದ್ದಕ್ಕೂ ಇರಲಿ, ಪದರದ ದಪ್ಪ ಎಲ್ಲ ಕಡೆ ಒಂದೇ ಇರಲಿ. ಅರ್ಧ ಹೊಲಿಗೆಯ ಗೆರೆ ಮೇಲೆ, ಅರ್ಧ ಹೊರಗೆ ಕೂತ ಬಟನ್ ಓರೆಯಾಗಿ ಒಂದು ಕಡೆ ಸಡಿಲವಾಗುತ್ತದೆ. ಒತ್ತಿದ ಮೇಲೆ ಟೋಪಿಯನ್ನು ಎರಡು ಬೆರಳಿನಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಒತ್ತಡ ಸಾಲದು. ಬಟ್ಟೆಯ ಅಂಚು ಉಂಗುರದಡಿ ಕತ್ತರಿಸಿದಂತೆ ಕಂಡರೆ ಒತ್ತಡ ಹೆಚ್ಚಾಯಿತು. ಕೆಲಸ ಮುಗಿದ ಕೂಡಲೇ ಕೋಟನ್ನು ಬರೀ ನೀರಿನಲ್ಲಿ ಜಾಲಿಸಿ, ಮನೆಯವರ ಬಟ್ಟೆಯ ಜೊತೆ ಹಾಕಬೇಡಿ.

ಪ್ರಶ್ನೆ: ನಾವು ಜೀನ್ಸ್ ಹೊಲಿಯುವವರು. ಈಗ ಗ್ಯಾರೇಜಿನವರಿಗೆ ಡೆನಿಮ್ ಡಂಗರೀಸ್ (ಎದೆಪಟ್ಟಿ ಇರುವ ಪ್ಯಾಂಟು) ಮಾಡುತ್ತಿದ್ದೇವೆ. ಜೀನ್ಸ್ ಬಟನ್ ಕೆಲವು ಅಲ್ಲಾಡುತ್ತವೆ, ಕೆಲವು ಹಿಂದಿನ ಮೊಳೆ ಬಿಟ್ಟು ಉದುರುತ್ತವೆ. (ರಾಯದುರ್ಗ)

ಉತ್ತರ: ಮೊಳೆಯ ಉದ್ದ ಬಟ್ಟೆಯ ದಪ್ಪಕ್ಕೆ ಹೊಂದಿಲ್ಲ. ಜೀನ್ಸಿನ ಸೊಂಟಪಟ್ಟಿಯ ಲೆಕ್ಕದಲ್ಲಿ ತಂದ ಮೊಳೆಯನ್ನೇ ಡಂಗರೀಸಿನ ಪಕ್ಕದ ಸೀಳಿಗೂ ಹೊಡೆದಿರುತ್ತೀರಿ. ಅಲ್ಲಿ ಪದರ ಕಡಿಮೆ. ಮೊಳೆ ಉದ್ದವಾದರೆ ಬಟನ್ನಿನೊಳಗೆ ತುದಿ ಬಗ್ಗಿ ಬಟನ್ ಅಲ್ಲಾಡುತ್ತದೆ, ಗಿಡ್ಡವಾದರೆ ಒಳಗೆ ಅರಳದೆ ಜಾರುತ್ತದೆ. ಬಟನ್ ಬರುವ ಪ್ರತಿ ಜಾಗವನ್ನೂ ಗಟ್ಟಿಯಾಗಿ ಒತ್ತಿ ಹಿಡಿದು ಕ್ಯಾಲಿಪರಿನಲ್ಲಿ ಅಳೆದು, ಆ ಅಳತೆ ಹೇಳಿ ಮೊಳೆ ತನ್ನಿ. ಎರಡು ದಪ್ಪ ಇದ್ದರೆ ಎರಡು ಉದ್ದದ ಮೊಳೆ, ಎರಡು ಡಬ್ಬಿ, ಎರಡು ಬಣ್ಣದ ಗುರುತು. ಅದಕ್ಕಿಂತ ಒಳ್ಳೆಯದು ತೆಳುವಾದ ಕಡೆ ಡೆನಿಮ್ಮಿನದೇ ಇನ್ನೊಂದು ಪದರ ಕೂಡಿಸಿ ದಪ್ಪ ಸಮ ಮಾಡುವುದು. ಜಾಗಕ್ಕೆ ಬಲವೂ ಬರುತ್ತದೆ, ಒಂದೇ ಮೊಳೆ ಸಾಕಾಗುತ್ತದೆ. ಮೊಳೆಗೆ ಮೊದಲೇ ತೂತು ಹಾಕಬೇಡಿ, ಅದರ ಚೂಪೇ ಎಳೆಗಳನ್ನು ಸರಿಸಿಕೊಂಡು ಹೋಗಲಿ. 17 ಮಿ.ಮೀ. ಬಟನ್ನಿನ ನಡು ಬಟ್ಟೆಯ ಅಂಚಿನಿಂದ 15 ಮಿ.ಮೀ. ಒಳಗಾದರೂ ಇರಲಿ. ಸ್ಟ್ರೆಚ್ ಡೆನಿಮ್ಮಾದರೆ ಒಳಗೆ ಹಿಗ್ಗದ ಟೇಪು ಬೇಕೇ ಬೇಕು. ಇಲ್ಲದಿದ್ದರೆ ಮೊಳೆಯ ಸುತ್ತ ತೂತು ದಿನದಿನಕ್ಕೆ ದೊಡ್ಡದಾಗುತ್ತದೆ. ವಾಷಿಂಗಿಗೆ ಹೋಗುವ ಮಾಲಾದರೆ ಬಟನ್ ಹೊಡೆಯುವುದು ವಾಷಿಂಗ್ ಮುಗಿದ ಮೇಲೆ.

ಪಾಕೀಟಿನ ಮೂಲೆಯ ರಿವೆಟ್ಟು ಬೇಕೇ ಎಂದೂ ಕೇಳಿದ್ದೀರಿ. ರಿವೆಟ್ಟು ಹುಟ್ಟಿದ್ದೇ ದುಡಿಯುವವರ ಪ್ಯಾಂಟಿನ ಪಾಕೀಟು ಹರಿಯಬಾರದೆಂದು. ದರ್ಜಿ ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1873ರ ಮೇ 20ರಂದು. ಆದರೆ ಗ್ಯಾರೇಜಿನಲ್ಲಿ ಹೊರಗೆ ಕಾಣುವ ಲೋಹ ಗಾಡಿಯ ಬಣ್ಣ ಕೆರೆಯುತ್ತದೆ. ಅಲ್ಲಿ ರಿವೆಟ್ಟಿನ ಬದಲು 42 ಹೊಲಿಗೆಯ ಬಾರ್ಟ್ಯಾಕ್ (ಒಂದೇ ಕಡೆ ಒತ್ತಾಗಿ ಹಾಕುವ ಬಲದ ಹೊಲಿಗೆ) ಹಾಕಿ, ಮುಂಭಾಗದ ಬಟನ್ನುಗಳನ್ನು ಮರೆಪಟ್ಟಿಯಡಿ ಅಡಗಿಸಿ.

ಪ್ರಶ್ನೆ: ನಮ್ಮ ಮಹಿಳಾ ಸಂಘದಲ್ಲಿ ಗುಂಡಿ ಮಷಿನ್ ಇಲ್ಲ, ಕೈಯಲ್ಲೇ ಹಾಕುತ್ತೇವೆ. ಗಟ್ಟಿಯಾಗಿ ನಿಲ್ಲಲು ಕ್ರಮ ತಿಳಿಸಿ. (ತಾಳವಾಡಿ)

ಉತ್ತರ: ಸರಿಯಾಗಿ ಹಾಕಿದ ಕೈಗುಂಡಿ ಮಷಿನ್ ಗುಂಡಿಗಿಂತ ಗಟ್ಟಿ, ಏಕೆಂದರೆ ಅದಕ್ಕೆ ಕೊರಳು ಇರುತ್ತದೆ. ಬಟ್ಟೆಗೆ ಅಂಟಿಕೊಂಡ ಗುಂಡಿಯ ಮೇಲೆ ಕಾಜಾಪಟ್ಟಿ ಕೂತಾಗ ಅದಕ್ಕೆ ಜಾಗವಿರುವುದಿಲ್ಲ, ನೂಲು ಸದಾ ಎಳೆತದಲ್ಲೇ ಇರುತ್ತದೆ. ಮೂರು ಪದರ ಡ್ರಿಲ್ಲಿನ ಕಾಜಾಪಟ್ಟಿಗೆ ಎರಡರಿಂದ ಮೂರು ಮಿ.ಮೀ. ಕೊರಳು ಬೇಕು.

60 ಸೆಂ.ಮೀ. ಪಾಲಿಯೆಸ್ಟರ್ ನೂಲನ್ನು ಜೋಡಿ ಎಳೆ ಮಾಡಿ ಮೇಣ ಸವರಿ. ಇನ್ನೂ ಉದ್ದ ತೆಗೆದುಕೊಂಡರೆ ಸಿಕ್ಕು ಬೀಳುತ್ತದೆ. ಗಂಟನ್ನು ಬಟ್ಟೆಯ ಮೇಲ್ಭಾಗದಲ್ಲಿ, ಗುಂಡಿಯಡಿ ಮರೆಯಾಗುವ ಜಾಗದಲ್ಲಿ ಇಡಿ. ಹಿಂದಿಟ್ಟ ಗಂಟು ಬೆವರಿಗೂ ಉಜ್ಜಾಟಕ್ಕೂ ಮೊದಲು ಸವೆಯುತ್ತದೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ಮೇಲಿಂದ ಒಂದು ಜೋಡಿ ತೂತಿಗೆ ನಾಲ್ಕು ಸುತ್ತು ಹಾಕಿ, ಗುಂಡಿಯಡಿ ಒಂದು ಗಂಟು ಬಿಗಿಯಿರಿ. ಆಮೇಲೆ ಎರಡನೆಯ ಜೋಡಿಗೆ ನಾಲ್ಕು. ಅಡ್ಡಕತ್ತರಿಯಾಗಿ ಹಾಕಬೇಡಿ, ನಡುವೆ ಉಬ್ಬಿದ ನೂಲೇ ಮೊದಲು ಸವೆಯುವುದು. ಜೋಡಿಗೊಂದು ಗಂಟು ಇದ್ದರೆ ಒಂದು ಹೋದರೂ ಇನ್ನೊಂದು ಸಂಜೆಯವರೆಗೆ ಹಿಡಿದಿರುತ್ತದೆ. ಕಡ್ಡಿ ತೆಗೆದು ಗುಂಡಿಯನ್ನು ಮೇಲಕ್ಕೆ ಎತ್ತಿ ಹಿಡಿದು, ಕೊರಳಿಗೆ ನೂಲನ್ನು ಐದಾರು ಸುತ್ತು ಬಿಗಿಯಾಗಿ ಸುತ್ತಿ. ಸೂಜಿಯನ್ನು ಕೊರಳಿನ ನಡುವೆಯೇ ಎರಡು ಸಲ ಹಾಯಿಸಿ ಗಂಟು ಹಾಕಿ. ತೀರಾ ಎಳೆತ ಬೀಳುವ ಗುಂಡಿಗೆ ಬಟ್ಟೆಯ ಒಳಬದಿಯಲ್ಲಿ 16 ಲೈನಿನ ಚಿಕ್ಕ ಗುಂಡಿಯೊಂದನ್ನು ತೂತಿಗೆ ತೂತು ಹೊಂದಿಸಿ ಇಟ್ಟು ಎರಡನ್ನೂ ಸೇರಿಸಿ ಹೊಲಿಯಿರಿ. ಎಳೆತವೆಲ್ಲ ಬಟ್ಟೆಯ ಬದಲು ಆ ಒಳಗುಂಡಿಯ ಮೇಲೆ ಬೀಳುತ್ತದೆ.

ಪ್ರಶ್ನೆ: ಮೀನು ಸಂಸ್ಕರಿಸುವ ಘಟಕದವರು ಬಿಳಿ ಕೋಟು ಕೇಳಿದ್ದಾರೆ, ಆದರೆ ಗುಂಡಿ ಹೊಲಿಯಲೇಬಾರದು ಎನ್ನುತ್ತಾರೆ. ಯಾಕೆ? (ಮಂಜೇಶ್ವರ)

ಉತ್ತರ: ಗುಂಡಿ ಉದುರಿ ಆಹಾರಕ್ಕೆ ಬೀಳಬಾರದೆಂದು. ಬಿಆರ್‌ಸಿಜಿಎಸ್ ಎಂಬ ಆಹಾರ ಸುರಕ್ಷತೆಯ ಮಾನದಂಡದಲ್ಲಿ ಹೊಲಿದ ಗುಂಡಿಗೂ ಸೊಂಟದಿಂದ ಮೇಲಿನ ಹೊರಪಾಕೀಟಿಗೂ ಜಾಗವಿಲ್ಲ. ಟಿಚ್ ಬಟನ್ ಹಾಕಿ, ಲೋಹದ್ದೇ ಇರಲಿ. ಬಿದ್ದರೂ ಘಟಕದ ಮೆಟಲ್ ಡಿಟೆಕ್ಟರ್ ಹಿಡಿಯುತ್ತದೆ, ಪ್ಲಾಸ್ಟಿಕ್ಕನ್ನು ಅದು ಹಿಡಿಯದು. ಉಪ್ಪುನೀರಿನ ಕೆಲಸವಾದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನದು ಕೇಳಿ. ಕೋಟಿನ ಬಟ್ಟೆ ತೆಳುವಾಗಿರುವುದರಿಂದ ಪಟ್ಟಿಯೊಳಗೆ ಟೇಪು ಮರೆಯಬೇಡಿ.

ಪ್ರಶ್ನೆ: ವೆಲ್ಡಿಂಗ್ ಮಾಡುವವರ ಬಾಯ್ಲರ್ ಸೂಟಿಗೂ ಇದೇ ಕ್ಯಾನ್ವಾಸು, ಇದೇ ನೂಲು ನಡೀತದೇನು? (ಅಕ್ಕಲಕೋಟೆ)

ಉತ್ತರ: ನಡೆಯುವುದಿಲ್ಲ, ದಯವಿಟ್ಟು ಹಾಕಬೇಡಿ. ಪಾಲಿಯೆಸ್ಟರ್ ನೂಲು ಸುಮಾರು 255–260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಿಡಿ ಬಿದ್ದಲ್ಲಿ ಬಟ್ಟೆ ತಾಳಿಕೊಂಡರೂ ಹೊಲಿಗೆ ಬಿಟ್ಟು ಎದೆ ತೆರೆದುಕೊಳ್ಳುತ್ತದೆ. ಅಂಟಿನ ಕ್ಯಾನ್ವಾಸಿನ ಅಂಟು ಅದಕ್ಕಿಂತ ಬಹಳ ಮೊದಲೇ ಕರಗುತ್ತದೆ. ನೂಲು ಅರಾಮಿಡ್ ಎಂಬ, ಬಿಸಿಗೆ ಕರಗದ ನಾರಿನದು ತನ್ನಿ. ಬಲಕ್ಕೆ ಕ್ಯಾನ್ವಾಸಿನ ಬದಲು ಅದೇ ಬೆಂಕಿತಡೆ ಬಟ್ಟೆಯ ಇನ್ನೂ ಒಂದು ಪದರ ಮಡಚಿ. ಬೆಂಕಿ, ಬಿಸಿಯ ಉಡುಪಿನ ಐಎಸ್‌ಒ 11612 ಮಾನದಂಡದ ಪ್ರಕಾರ ಹೊರಬಟ್ಟೆಯನ್ನು ತೂರಿಬಂದ ಲೋಹದ ಭಾಗ ಒಳಗಡೆ ಮೈಗೆ ತಾಗುವಂತೆ ತೆರೆದಿರಬಾರದು. ಕಾದ ಟಿಚ್ ಬಟನ್ನಿನ ಕಾಲು ಚರ್ಮಕ್ಕೆ ಬರೆ ಹಾಕುತ್ತದೆ. ಆದ್ದರಿಂದ ಬಟನ್ನಿನ ಹಿಂದೆ ಅದೇ ಬಟ್ಟೆಯ ಮುಚ್ಚುಪಟ್ಟಿ, ಮುಂದೆ ಕಿಡಿ ನಿಲ್ಲದಂತೆ ಕೆಳಮುಖದ ಮರೆಪಟ್ಟಿ. ಎರಡನ್ನೂ ಅರಾಮಿಡ್ ನೂಲಿನಲ್ಲೇ ಹೊಲಿಯಿರಿ. ಬಾಬಿನ್ನಿಗೂ ಅದೇ ನೂಲು ಇರಲಿ. ಮೇಲೆ ಅರಾಮಿಡ್, ಕೆಳಗೆ ಪಾಲಿಯೆಸ್ಟರ್ ಹಾಕಿ ಹೊಲಿದ ಸೂಟಿನ ಹೊಲಿಗೆ ಕೆಳಗಿನ ನೂಲು ಕರಗಿದ ಕೂಡಲೇ ಬಿಟ್ಟುಕೊಳ್ಳುತ್ತದೆ.